ಬಾಗಿಲಿಲ್ಲದ ಲಿಫ್ಟು

ಅಂಗಡಿಯ ಲಾಟರಿಯಲ್ಲಿ ಬಂದದ್ದು:
ಐದು ದಿನ, ನಾಲ್ಕು ರಾಜಧಾನಿ, ಒಂದು ಬಸ್ಸು,
ಬೆಳಗಿನ ತಿಂಡಿ ಉಚಿತ.
ನಾವು ಆಸೆಪಟ್ಟದ್ದು ಎರಡನೆಯ ಬಹುಮಾನದ ಬಾಣಲೆಗೆ.

ಓಸಿಯೆಕ್ ಊರಿನ ಲಿಫ್ಟುಗಳೆಲ್ಲ ರಾಡೊವಾನನ ಕೈಯಲ್ಲಿ,
ಊರಿನ ಅರ್ಧ ಕಟ್ಟಿದ ಹಲ್ಲುಗಳು ನನ್ನ ಕೈಯಲ್ಲಿ.
ಜನ ಮೇಲೆ ಹತ್ತುವುದಕ್ಕೂ ರೊಟ್ಟಿ ಕಚ್ಚುವುದಕ್ಕೂ
ನಮ್ಮಿಬ್ಬರ ಹಂಗು.
ಮನೆಯೊಳಗಿನ ಮಾತು ಕೆಟ್ಟರೆ ಮಾತ್ರ
ಯಾರನ್ನು ಕರೆಯಬೇಕೋ ಗೊತ್ತಿರಲಿಲ್ಲ.

ಬುಡಾಪೆಸ್ಟಿನಲ್ಲಿ ಗೈಡು ಸ್ಮಿಲ್ಯಾ
ಮರದ ಸೌಟು ಎತ್ತಿ ಹಿಡಿದು, ಹಿಂದೆ ಬನ್ನಿ ಅಂದಳು.
ಸೇತುವೆಯ ಕಲ್ಲುಸಿಂಹಗಳಿಗೆ ನಾಲಿಗೆಯಿಲ್ಲವೆಂದು ಕೆಲವರು,
ಇದೆಯೆಂದು ಕೆಲವರು.
ಕತ್ತು ಉದ್ದ ಮಾಡಿ ನೋಡಿದೆ,
ಕಂಡದ್ದು ನಾಲಿಗೆಯಲ್ಲ, ಕೋರೆಹಲ್ಲು:
ಕೂರಿಕೆಯೇ ಸರಿಯಿಲ್ಲ, ಈ ಪ್ರಾಣಿ ಗಂಜಿ ಕುಡಿಯಬೇಕಷ್ಟೆ.
ಹೇಳೋಣವೆಂದು ತಿರುಗಿದರೆ
ಇವನು ಫೋನಿನಲ್ಲಿ.

ಊರಿನಲ್ಲಿ, ಮೂರನೆಯ ನಾಲ್ಕನೆಯ ಮಹಡಿಗಳ ನಡುವೆ,
ಒಬ್ಬ ಅಜ್ಜಿ, ಒಂದು ಚೀಲ ಆಲೂಗಡ್ಡೆ.
"ಹೆದರಬೇಡಿ ತಾಯಿ, ಬೀಳುವುದಿಲ್ಲ. ನಾನಿದ್ದೇನೆ.
ಆಲೂಗಡ್ಡೆ ಎಷ್ಟಕ್ಕೆ ಕೊಂಡಿರಿ? ಹೇಳಿ."
ಒಲೆಯ ಪಕ್ಕ ಇಟ್ಟ ಕಂಬಳಿಯಂಥ ದನಿ.
ಹದಿನಾರು ವರ್ಷದಲ್ಲಿ
ನಾನು ಎಲ್ಲಿಯೂ ಸಿಕ್ಕಿಕೊಂಡಿಲ್ಲವೋ,
ಗಂಟೆ ಒತ್ತಿದ್ದು ಅವನಿಗೆ ಕೇಳಿಸಲಿಲ್ಲವೋ.

ಬ್ರಾಟಿಸ್ಲಾವಾ ಎರಡು ಗಂಟೆ,
ಅದರಲ್ಲಿ ಅರ್ಧ ಗಂಟೆ ಶೌಚಾಲಯದ ಸಾಲು.
ರಸ್ತೆಯ ಗುಂಡಿಯಿಂದ ಇಣುಕುವ ಕಂಚಿನ ಮನುಷ್ಯನ ಮುಂದೆ
ರಾಡೊವಾನ್ ಕುಕ್ಕರಗಾಲಲ್ಲಿ ಕೂತ,
ಸಹೋದ್ಯೋಗಿ ಸಿಕ್ಕಿದ ಹಾಗೆ.

ವಿಯೆನ್ನಾದಲ್ಲಿ ಒಂದು ತುಂಡು ಕೇಕು, ಎರಡು ಮುಳ್ಳುಚಮಚ,
ಬಿಲ್ಲು ನೋಡಿದ ಮೇಲೆ ತಟ್ಟೆಯ ಚೂರನ್ನೂ ಬಿಡಲಿಲ್ಲ.
ದಾರಿಹೋಕನೊಬ್ಬ ತೆಗೆದುಕೊಟ್ಟ ಫೋಟೋದಲ್ಲಿ
ಚರ್ಚಿಗೆ ಗೋಪುರವಿಲ್ಲ, ನಮಗೆ ಕಾಲಿಲ್ಲ,
ನಡುವೆ ಕುದುರೆಯ ಒಂದು ಕಿವಿ.

ಕೊನೆಗೆ ಪ್ರಾಗ್.
ಮಂದಿಯೆಲ್ಲ ಗಡಿಯಾರದ ಕೆಳಗೆ ಕತ್ತೆತ್ತಿ
ಸಂತರ ಬೊಂಬೆಗಳಿಗೆ ಕಾದಿದ್ದಾಗ
ತೋಳು ಹಿಡಿದೆಳೆದ: "ಬಾ, ಒಂದು ತೋರಿಸಬೇಕು."
ಹಳೆಯ ಕಚೇರಿಯ ಒಳಗೆ, ಗೋಡೆಯೊಳಗೆ,
ಬಾಗಿಲಿಲ್ಲದ ಮರದ ಪೆಟ್ಟಿಗೆಗಳು
ನೀರೆತ್ತುವ ರಾಟೆಯ ಕೊಡಗಳ ಹಾಗೆ
ಈ ಕಡೆ ಏರುತ್ತ, ಆ ಕಡೆ ಇಳಿಯುತ್ತ,
ಯಾರಿಗೂ ನಿಲ್ಲುವುದಿಲ್ಲ.
ಗುಮಾಸ್ತನೊಬ್ಬ ಸೇಬು ಕಚ್ಚುತ್ತಲೇ ಒಳಗೆ ಕಾಲಿಟ್ಟು ಮಾಯವಾದ.

"ಒಂದು, ಎರಡು" ಎಂದು ಎಣಿಸಿದ ನನ್ನ ಗಂಡ.
ಮೂರಕ್ಕೆ ನಾನು ಕಾಲಿಟ್ಟೆ.
ಅವನು ಇಡಲಿಲ್ಲ.
ಜೀವಮಾನವೆಲ್ಲ ಲಿಫ್ಟು ಬಿಚ್ಚಿ ಜೋಡಿಸಿದವನು
ಹೊಸ್ತಿಲಲ್ಲಿ ತಡವರಿಸಿ
ಮುಂದಿನ ಪೆಟ್ಟಿಗೆ ಹಿಡಿದ.
ನನ್ನ ಕಾಲ ಕೆಳಗೆ ಅವನ ತಲೆ, ನಡುವೆ ಒಂದು ಹಲಗೆ.

ಕೊನೆಯ ಮಹಡಿಯಲ್ಲಿ ಏನೋ ಫಲಕವಿತ್ತು,
ಇಳಿಯಿರಿ ಎಂದಿದ್ದಿರಬೇಕು.
ನೋಡುವಷ್ಟರಲ್ಲಿ ದಾಟಿತು.
ಕತ್ತಲು. ಗಾಲಿಗಳ ಗೊಣಗಾಟ.
ಗ್ರೀಸಿನ ವಾಸನೆ, ಅವನ ಅಂಗಿ ಒಗೆಯುವ ದಿನದ್ದೇ.
ಈಗ ತಲೆಕೆಳಗಾಗುತ್ತೇನೆ ಎಂದು
ಕೈಚೀಲ ಎದೆಗವುಚಿಕೊಂಡಾಗ
ಹಲಗೆಯ ಕೆಳಗಿನಿಂದ ಬಂತು ಆ ದನಿ:

"ಹೆದರಬೇಡ ಲ್ಯೆರ್ಕಾ, ಮಗುಚುವುದಿಲ್ಲ,
ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ನಾನಿದ್ದೇನೆ.
ಏನಾದರೂ ಮಾತಾಡು.
ಆ ಸಿಂಹದ ಬಗ್ಗೆ ಏನೋ ಹೇಳಹೊರಟಿದ್ದೆಯಲ್ಲ, ಅದನ್ನೇ ಹೇಳು."

ಹೇಳಿದೆ. ಕತ್ತಲಿಗೆ ಬೆನ್ನು ಕೊಟ್ಟು,
ಕೋರೆಹಲ್ಲು, ದವಡೆ, ಗಂಜಿ, ಎಲ್ಲ.
ಪೆಟ್ಟಿಗೆ ಒಮ್ಮೆ ಮೈ ನಡುಗಿಸಿ ಪಕ್ಕಕ್ಕೆ ಜಾರಿತು,
ಇಳಿಯತೊಡಗಿತು. ಈಗ ಅವನು ಮೇಲೆ, ನಾನು ಕೆಳಗೆ,
ಅವನ ನಗು ಮಾತ್ರ ಎರಡು ಪೆಟ್ಟಿಗೆಗಳಲ್ಲೂ.

ಮೂರು ಸುತ್ತು ಹಾಕಿದೆವು, ಒಂದೇ ಪೆಟ್ಟಿಗೆಯಲ್ಲಿ.
ಸೇಬಿನವನು ಎರಡು ಸಲ ನೋಡಿ ಸುಮ್ಮನಾದ.

"ಕೋಟೆ ನೋಡಿದಿರಾ?" ಬಸ್ಸಿನ ಮೆಟ್ಟಿಲಲ್ಲಿ ಸೌಟು ಬೀಸಿದಳು ಸ್ಮಿಲ್ಯಾ.
ನೋಡಿದೆವು ಎಂದೆವು ಇಬ್ಬರೂ, ಒಂದೇ ಉಸಿರಿಗೆ, ಸುಳ್ಳು.

ಗಡಿ ಹತ್ತಿರ ಬಂದಾಗ ಅವನಿಗೆ ನಿದ್ದೆ,
ಬಾಯಿ ಅರ್ಧ ತೆರೆದು. ಹಲ್ಲಿನ ಕೂರಿಕೆ ಚೆನ್ನಾಗಿದೆ.
ಫೋನು ಬಡಿದುಕೊಂಡಿತು.
ಈ ಸಲ ನಾನೇ ಎತ್ತಿದೆ,
ಯಾವ ಮಹಡಿ ಎಂದು ಕೇಳಿದೆ.