ಒಂದೇ ಸಂದಿಗೆ ಹದಿನೆಂಟು

ನಾನು ಮುಖ ನೋಡುವವನಲ್ಲ.
ಕುತಾಯಿಸಿಯ ಮಾರುಕಟ್ಟೆಯ ಹಿಂದೆ, ಡಾಕ್ಟರಮ್ಮ ನಾತೆಲಾಳ
ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ ಕೂತು
ಮೇಲಿನಿಂದ ಇಳಿದು ಬರುವ ಪ್ಲಾಸ್ಟರಿನ ಬಾಯಿಗಳನ್ನು ನೋಡುವವನು.
ಪ್ರತಿ ಬಾಯಿಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಒಂದು ಹೆಸರು, ಒಂದು ತಾರೀಖು.
ಮಾತಾಡದ ಬಾಯಿಗಳು. ನಮ್ಮ ನಡುವೆ ಜಗಳವಿಲ್ಲ.

ಫೆಬ್ರವರಿಯಲ್ಲಿ ಬಂದದ್ದು ಎಲಿಸೊಳ ಬಾಯಿ.
ನಲವತ್ತೊಂದು ವರ್ಷ. ಒಂದನೇ ತರಗತಿಯ ಟೀಚರು.
ಮೇಲ್ಸಾಲಿನ ಎಡಗಡೆ ಎರಡನೆಯ ಹಲ್ಲು
ಬಿದ್ದದ್ದಲ್ಲ, ಮುರಿದದ್ದಲ್ಲ, ಹುಟ್ಟಲೇ ಇಲ್ಲ.
ಬಸ್ಸಿನ ಸೀಟಿನಲ್ಲಿ ಸರಿದು ಕೂತವರ ಹಾಗೆ
ಬಾಚಿಹಲ್ಲೂ ಕೋರೆಹಲ್ಲೂ ಅದರ ಜಾಗ ಹಂಚಿಕೊಂಡು
ಇಷ್ಟು ವರ್ಷ ಏನೂ ಗೊತ್ತಿಲ್ಲದಂತೆ ಕಿಟಕಿಯಾಚೆ ನೋಡುತ್ತಿದ್ದವು.

ಈಗ ಅವನ್ನು ಎಬ್ಬಿಸಬೇಕು.
ಹದಿನೈದು ದಿನಕ್ಕೊಂದು ಪಾರದರ್ಶಕ ತಟ್ಟೆ,
ತಟ್ಟೆಗೆ ಕಾಲು ಮಿಲಿಮೀಟರು.
ಚಿಕಿತ್ಸೆ ಅಂದರೆ ಇಷ್ಟೆ:
ಇಲ್ಲದ್ದನ್ನು ಮೊದಲು ಎಲ್ಲರಿಗೂ ಕಾಣುವಂತೆ ಮಾಡುವುದು.
ಕಡೆಗೊಂದು ದಿನ ದವಡೆಗೆ ತಿರುಪು ಹಾಕಿ ಖಾಯಂ ಹಲ್ಲು ಕೂರಿಸುತ್ತಾರೆ,
ಅದು ಆಮೇಲಿನ ಮಾತು.
ಅಲ್ಲಿಯ ತನಕ ಆ ಸಂದಿಗೆ ಮಾನ ಮುಚ್ಚುವವನು ನಾನು.

ಪ್ರತಿ ತಟ್ಟೆಯೊಳಗೆ ಒಂದೊಂದು ಹಲ್ಲು ತುಂಬುತ್ತೇನೆ.
ಮೊದಲನೆಯದು ಗೋಧಿಯ ನುಚ್ಚು.
ಐದನೆಯದು ಗೋಧಿಕಾಳು.
ಒಂಬತ್ತನೆಯದಕ್ಕೆ ಹಲ್ಲು ಎಂಬ ಹೆಸರು ಸಲ್ಲುತ್ತದೆ.
ಚಹಾ ಕಂಡ, ಕೆಂಪು ವೈನಿನ ಹಬ್ಬಗಳನ್ನು ದಾಟಿ ಬಂದ ಹಲ್ಲುಗಳ ಪಕ್ಕ
ತೀರಾ ಬೆಳ್ಳಗಿದ್ದರೆ ಸುಳ್ಳುಸಾಕ್ಷಿ ಹೇಳಲು ಬಂದವನಂತೆ ಕಾಣುತ್ತದೆ.
ಅದಕ್ಕೇ ತುದಿಗೆ ಬೂದು, ಬುಡಕ್ಕೆ ಜೇನು,
ನಡುವೆ ಕೂದಲೆಳೆಯಷ್ಟು ಬಿರುಕು.
ಯಾರೂ ಗಮನಿಸದಿರಲಿ ಎಂದು ಇಷ್ಟೊಂದು ಗಮನ.

ಊಟದ ತಟ್ಟೆ ಬಂದಾಗ ಬಾಯಿಯ ತಟ್ಟೆ ತೆಗೆಯಬೇಕು.
ಅಣ್ಣನ ಮಗನ ಮದುವೆಯಲ್ಲಿ ಆಕೆ ಏನೂ ಮುಟ್ಟಲಿಲ್ಲವಂತೆ.
ಹದಿನಾರು ಸಲ ಲೋಟ ಎತ್ತಿ ಹರಸಿದರಂತೆ,
ಹದಿನಾರು ಸಲವೂ ಮುಚ್ಚಿದ ತುಟಿಗೆ ತಾಗಿಸಿ ಇಳಿಸಿದಳಂತೆ.
ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಆಕ್ರೋಟದ ಸರ ಎದುರಿಗೆ ಬಂದರೆ
ಹೊಟ್ಟೆ ತುಂಬಿದೆ ಎಂದಳಂತೆ.
ಹಲ್ಲೂ ಇದೆ, ಕಡಲೆಯೂ ಇದೆ,
ಎರಡಕ್ಕೂ ಒಂದೇ ಹೊತ್ತಿಗೆ ಬಾಯಿಲ್ಲ.

ಹನ್ನೆರಡನೆಯ ತಟ್ಟೆಯ ವಾರ ಆಕೆಯೇ ಮೆಟ್ಟಿಲಿಳಿದು ಬಂದಳು,
ಕರವಸ್ತ್ರದಲ್ಲಿ ಎರಡು ಹೋಳು ಕಟ್ಟಿಕೊಂಡು.

ತರಗತಿಯಲ್ಲಿ ದೆಮೆತ್ರೆ ಎಂಬ ಹುಡುಗ.
ಮುಂದಿನ ಎರಡೂ ಹಾಲುಹಲ್ಲು ಒಂದೇ ವಾರದಲ್ಲಿ ಉದುರಿ
ನಾಲ್ಕು ದಿನದಿಂದ ಬಾಯಿ ಬಿಟ್ಟಿರಲಿಲ್ಲ.
ಐದನೆಯ ದಿನ ಆಕೆ ಮೇಜಿನ ಮೇಲೆ ತಟ್ಟೆ ತೆಗೆದಿಟ್ಟಳು.
ಹುಡುಗ ತಟ್ಟೆ ನೋಡಿದ, ಬಾಯಿ ನೋಡಿದ, ಮತ್ತೆ ತಟ್ಟೆ.
"ಟೀಚರ್, ನಿಮಗೂ ಹೊಸದು ಬರುತ್ತಾ?"
"ಬರಲ್ಲ ಕಣೋ. ಒಬ್ಬರು ಮಾಡಿಕೊಡ್ತಾರೆ."
ಆಮೇಲೆ ಅದು ಕೈಯಿಂದ ಕೈಗೆ ಹೋಗಿ
ಆರನೆಯ ಬೆಂಚಿನ ಹತ್ತಿರ ಯಾರದೋ ಬೂಟಿನಡಿ ಸಿಕ್ಕಿತು.

ಮೂರು ತಾಸು ಕೂತು ಎಳೆದ ಬಿರುಕು ಅದು.
ಬೈಯಬೇಕೆಂದೇ ತಲೆಯೆತ್ತಿದೆ.
ಆಕೆ ಹೇಳುತ್ತ ಹೇಳುತ್ತ ನಗುತ್ತಿದ್ದಳು, ಕೈ ಅಡ್ಡ ಹಿಡಿಯದೆ,
ಮತ್ತು ನಾನು ಆ ಸಂದನ್ನು ಮೊದಲ ಸಲ ಕಂಡೆ.
ನನ್ನ ಪ್ಲಾಸ್ಟರಿನಲ್ಲಿ ಅದು ಬಿಳಿ.
ಇಲ್ಲಿ ಕತ್ತಲೆ, ಒದ್ದೆ, ಉಸಿರಾಡುವಂಥದ್ದು.
ಆ ಕತ್ತಲೆಯನ್ನು ಲೆಕ್ಕಕ್ಕೆ ಹಿಡಿಯದೆ
ಹನ್ನೆರಡು ಹಲ್ಲು ಮಾಡಿದ್ದೆ.

ಹದಿಮೂರನೆಯದರ ಬೆನ್ನಿಗೆ ಒಂದು ಹನಿ ಬೂದು ಹೆಚ್ಚಿಗೆ ಹಾಕಿದ್ದೇನೆ.
ಬಿಲ್ಲಿನಲ್ಲಿ ಬರೆದಿಲ್ಲ.
ದೆಮೆತ್ರೆಗೆ ಬಲಗಡೆಯದು ಇಣುಕಿದೆಯಂತೆ,
ಹೊಸ ಗರಗಸದ ಹಾಗೆ ಮೂರು ಮೊನೆ.
ಅಂಥ ಅಂಚು ತೆಗೆಯಲು
ನನಗಿನ್ನೂ ಕೈ ಕೂಡಿಲ್ಲ.