ಖರ್ಚು

ಕುತಾಯಿಸಿ. ತೊಂಬತ್ತಮೂರರ ಜನವರಿ.
ಊರಿಗೆ ಬೆಳಕು ಹೋಗಿ ಹನ್ನೊಂದು ದಿನ.
ಕೋಟು ಬಿಚ್ಚದೆ ಕೂತ ಏಳನೇ ತರಗತಿ,
ಸೀಮೆಎಣ್ಣೆ ಒಲೆಯ ಪಕ್ಕದ ಬೆಂಚಿಗೆ ಸರದಿ.

ತ್ಸಿಯಾಲಾ ಟೀಚರ್ ಚೀಲದಿಂದ ತೆಗೆದರು
ಗಂಡನ ಟಾರ್ಚಿನಿಂದ ಕಿತ್ತ ಚಪ್ಪಟೆ ಬ್ಯಾಟರಿ,
ಕಡಲೆ ಗಾತ್ರದ ಬಲ್ಬು, ತಂತಿಯ ತುಂಡು.
ತಾಗಿಸಿದರು. ಹೊತ್ತಿತು.
ಇಡೀ ಬೀದಿಗೆ ಅದೊಂದೇ ದೀಪ;
ಯಾರಾದರೂ ಸಾಲ ಕೇಳಲು ಬಂದಾರೆಂದು
ಪರದೆ ಎಳೆದೆವು.

ಮೀಟರ್ ಇದ್ದದ್ದು ಒಂದೇ.
ಬಲ್ಬಿನ ಈಚೆ ಸಿಕ್ಕಿಸಿ ಓದಿದರು:
ಸೊನ್ನೆ ಪಾಯಿಂಟ್ ಎರಡು ಆಂಪಿಯರ್.
"ಬಲ್ಬು ದಾಟಿದ ಮೇಲೆ ಎಷ್ಟು?"
ಮೂರು ಅಕ್ರೋಟು ಪಣ ಕಟ್ಟಿ ನಾನು, "ಅರ್ಧ."
"ಏನೂ ಉಳಿಯಲ್ಲ," ಖತುನಾ, "ಉರಿದುಹೋಯಿತಲ್ಲ."
ತಂತಿ ಬಿಚ್ಚಿದರು, ಕತ್ತಲು.
ಆಚೆ ಬದಿಗೆ ಜೋಡಿಸಿದರು,
ಮುಳ್ಳು ನಡುಗುತ್ತ ಏರಿ
ನಿಂತಿತು, ಅಲ್ಲೇ, ಎರಡರ ಗೆರೆಯ ಮೇಲೆ.
ಹೋದದ್ದೆಲ್ಲ ಮರಳಿ ಬಂದಿತ್ತು,
ಕಾಳಿನಷ್ಟೂ ಕಡಿಮೆಯಾಗದೆ.

ಹಾಗಾದರೆ ಬ್ಯಾಟರಿ ಸಾಯುವುದೇಕೆ?

ಹಿಂದಿನ ಬೆಂಚಿನ ಬಾಚಾನಾ
ವರುಷಕ್ಕೊಂದು ಮಾತಾಡುವವನು.
ಅವನ ಮನೆ ಒಂಬತ್ತನೇ ಮಹಡಿ.
ಪಂಪಿಲ್ಲ, ಲಿಫ್ಟಿಲ್ಲ; ಅಂಗೈಗೆ ಅಡ್ಡಲಾಗಿ
ಬಕೆಟ್ಟಿನ ಹಿಡಿ ಕೊರೆದ ಕೆಂಪು ಗೆರೆ.
"ಕೆಳಗೆ ತುಂಬಿದಾಗಲೂ ಹತ್ತು ಲೀಟರು,
ಮೇಲೆ ಇಳಿಸಿದಾಗಲೂ ಹತ್ತೇ.
ಖರ್ಚಾಗೋದು ನೀರಲ್ಲ ಟೀಚರ್,"
ಅಂದು ಭುಜ ಒತ್ತಿಕೊಂಡ.

ಟೀಚರ್ ತುಸು ಹೊತ್ತು ಸುಮ್ಮನಿದ್ದರು.
ಆಮೇಲೆ ಹಲಗೆಗೆ ತಿರುಗಿ
ವೋಲ್ಟ್ ಎಂಬಲ್ಲಿ ಮೆಟ್ಟಿಲು ಬರೆದರು,
ಆಂಪಿಯರ್ ಎಂಬಲ್ಲಿ ಹೊತ್ತವರ ಸಾಲು.
ಹಳೇ ಬ್ಯಾಟರಿ, ನಾಲ್ಕೇ ವೋಲ್ಟು;
ಹದಿನೈದು ನಿಮಿಷ ಉರಿದಿದೆ;
ಗುಣಿಸಿದರೆ ಏಳುನೂರ ಇಪ್ಪತ್ತು ಜೂಲು.
"ನಿನ್ನ ಒಂದು ಬಕೆಟ್ಟನ್ನು, ಬಾಚಾನಾ,
ಈ ದೀಪ ಎರಡೂವರೆ ಮಹಡಿ ಹತ್ತಿಸುತ್ತಿತ್ತು."

"ಅಷ್ಟೇನಾ?" ಅಂದ. ಮೊದಲ ಸಲ ನಕ್ಕ.

ಬಲ್ಬು ಕಿತ್ತಳೆಗೆ ತಿರುಗುವಾಗ ತಂತಿ ಎಳೆದರು.
ಉಳಿದದ್ದು ಬಿ ವಿಭಾಗಕ್ಕೆ, ನಾಳೆಗೆ.

ಅಕ್ರೋಟು ಸೋತ ನಾನು ಆ ಸಂಜೆ
ಅವನ ಎರಡನೇ ಬಕೆಟ್ಟು ಹೊತ್ತೆ.
ಮೂರನೇ ಮಹಡಿ ಮುಟ್ಟುವ ಮೊದಲೇ,
ಮೆಟ್ಟಿಲು ತಿರುಗುವಲ್ಲಿ, ಕೆಳಗಿಟ್ಟೆ.
ಒಂದು ಹನಿಯೂ ಚೆಲ್ಲಿರಲಿಲ್ಲ.
ಕತ್ತಲಲ್ಲಿ, ಕಾಣದಿದ್ದರೂ ಗೊತ್ತಾಯಿತು,
ನನ್ನ ಕಾಲರಿನಿಂದ
ಬೆಚ್ಚಗೆ ಹಬೆ ಏಳುತ್ತಿತ್ತು.