ಮೇಜು ಹಾಕುವ ಮೊದಲು

ಟೇಪಿನ ಡಬ್ಬಿ ನನ್ನ ಕೈಯಲ್ಲಿ, ತುದಿ ದಾವಲನ ಕೈಯಲ್ಲಿ.
ಗದಗಿಗೂ ಬೆಟಗೇರಿಗೂ ನಡುವೆ ಹದಿನೇಳು ದಿನ
ಹೀಗೇ ಅಡ್ಡಾಡಿದೆವು,
ಹಿಸ್ಸೆಗೆ ನಿಂತ ದಾಯಾದಿಗಳ ಹಾಗೆ.

ಮೊದಲನೆಯದು ಸ್ಟೇಷನ್ ರೋಡಿನಲ್ಲಿ, ಜಿಮ್ಮಿನ ಮೇಲೆ.
ಗಾಜು, ಎಸಿ, ಲಿಫ್ಟಿಗೆಂದು ಬಿಟ್ಟ ಬಾವಿ.
"ಲಿಫ್ಟ್ ಯಾವಾಗ ಬರತೈತ್ರಿ?"
"ಬರತೈತಿ."
ಬಾವಿಯೊಳಗೆ ಪಾರಿವಾಳ ತತ್ತಿ ಇಟ್ಟಿತ್ತು.
ಕೆಳಗೆ ಯಾರೋ ಕಬ್ಬಿಣ ಕೈಬಿಟ್ಟರು,
ನಮಗೆ ಹಿಮ್ಮಡಿಯಿಂದ ಹಲ್ಲಿನವರೆಗೆ ಜುಮ್ಮೆಂದಿತು.

ಎರಡನೆಯದು ಹತ್ತಿ ಜಿನ್ನಿನ ಗೋದಾಮು.
ಆ ತುದಿಗೆ ಹೋಗಿ ದಾವಲ್ ತನ್ನ ಹೆಸರು ಕೂಗಿದ,
ಹೆಸರು ಅವನಿಗಿಂತ ಮೊದಲು ತಿರುಗಿ ಬಂತು.
ಬಾಡಿಗೆ ಕಮ್ಮಿ. ಹೆಂಗಸರಿಗೆ ಪಾಯಖಾನೆ ಎಲ್ಲಿ ಅಂದೆ.
ಮಾಲಕರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು,
ಆಮೇಲೆ ನನ್ನನ್ನು ನೋಡಿದರು,
ಅದನ್ನು ನಾನೇ ಮನೆಯಿಂದ ತರಬೇಕಿತ್ತು ಅನ್ನುವ ಹಾಗೆ.

ಮೂರನೆಯದು ಬಾಕಳೆ ಕಾಕಾನ ಪ್ರೆಸ್ಸು.
ಮಶಿನ್ನು ಗುಜರಿಗೆ ಹೋಗಿ ಆರು ವರ್ಷ.
ಅಚ್ಚುಮೊಳೆಯ ಖಾನೆಗಳು ಗೋಡೆಗೆ ಒರಗಿವೆ,
'ಳ'ದ ಖಾನೆಯಲ್ಲಿ ಹಲ್ಲಿ.
ಉತ್ತರಕ್ಕೆ ನಾಲ್ಕು ಕಿಟಕಿ, ಎಡಭುಜದ ಮೇಲೆ ಬೆಳಕು.
ಕಾಕಾ ಕೇಳಿದರು:
"ಎಲ್ಲಾರಿಗೂ ಒಬ್ಬಾಂವ ಮಾಲಕ?"
ಅಲ್ಲ.
"ಒಂದ ಕೆಲಸ?"
ಅದೂ ಅಲ್ಲ.
"ಮತ್ತ್ಯಾಕ ಕೂಡಿ ಕುಂದರಬೇಕು?"
ದಾವಲ್ ಲ್ಯಾಪ್‌ಟಾಪ್ ತೆರೆದ. ಇದಕ್ಕೆ ಅದರಲ್ಲಿ ಹನ್ನೆರಡು ಚಿತ್ರ ಇದ್ದವು,
ಚಾರ್ಜು ಇರಲಿಲ್ಲ.
ನಾನಂದೆ: ನಮ್ಮ ಮನೆಯಲ್ಲಿ ಇರುವುದು ಒಂದೇ ಮೇಜು.
ಮಿಕ್ಸಿ, ಇಸ್ತ್ರಿ, ಅತ್ತೆಯ ಬಿಪಿ ಗುಳಿಗೆ,
ಇಪ್ಪತ್ತು ಅಂಗಡಿಗಳ ಜಿಎಸ್‌ಟಿ ಲೆಕ್ಕ, ಎಲ್ಲ ಅದರ ಮೇಲೆಯೇ.
ಗಿರಾಕಿಯ ಫೋನ್ ಬಂದರೆ ಮಾಳಿಗೆಯ ಮೆಟ್ಟಿಲ ಮೇಲೆ ನಿಂತು
ಆಫೀಸಿನಲ್ಲಿದ್ದೇನೆ ಅನ್ನುತ್ತೇನೆ.
ಕುಕ್ಕರ್ ಮೂರು ಸಲ ನನ್ನ ಸುಳ್ಳು ಹಿಡಿದುಕೊಟ್ಟಿದೆ.
ಕಾಕಾ ನಗಲಿಲ್ಲ.
ಬಾಡಿಗೆಯನ್ನೂ ಇಳಿಸಲಿಲ್ಲ.

ಚಹಾಕ್ಕೆ ನಿಂತದ್ದು ತಹಶೀಲ್ದಾರ್ ಕಚೇರಿಯ ಎದುರು.
ಬೇವಿನ ಬುಡಕ್ಕೆ ಒಂದು ಮೇಜು, ಮೂರು ಸ್ಟೂಲು:
ಟೈಪ್‌ರೈಟರಿನ ಹುಚ್ಚೀರಪ್ಪ, ಲ್ಯಾಮಿನೇಶನ್ನಿನ ಹುಡುಗ,
ಅರ್ಜಿ ತುಂಬಿಕೊಡುವ ಮಾಬೂಬಿ.
ಗಡಿಗೆ ಒಂದು, ಪೆಟ್ಟಿಗೆ ಒಂದು, ಕೀಲಿ ಮಾತ್ರ ಮೂರು.
"ಬಾಡಿಗಿ?"
"ಮುಂಜಾನೆ ಮೊದಲ ಬಂದಾಂವ ಕಸಾ ಹೊಡಿತಾನ್ರಿ.
ನೆಳ್ಳು ಸರದಂಗ ಮೇಜು ಸರಸತೀವಿ."
ದಾವಲ್ ತನ್ನ ಅಂಕಪಟ್ಟಿ ತೆಗೆದ.
ಪಾರ್ಕಿಂಗಿಗೆ ಹತ್ತು, ನೆಟ್‌ಗೆ ಇಪ್ಪತ್ತು, ಬಸ್‌ಸ್ಟಾಪಿಗೆ ಹತ್ತು.
ಕಸಬರಿಗೆಗೆ ಕಾಲಂ ಇರಲಿಲ್ಲ.
ಮಡಚಿ, ಅಲುಗುತ್ತಿದ್ದ ಆ ಮೇಜಿನ ಕಾಲಿಗೆ ಇಟ್ಟ.

ಪ್ರೆಸ್ಸಿಗೇ ಮುಂಗಡ ಕೊಟ್ಟೆವು.
ನೆಲಮಹಡಿ. ಪಾಯಖಾನೆಗೆ ಒಳಚಿಲಕ.
ಬೇವಿನ ಮರದಿಂದ ನೂರಾ ಇಪ್ಪತ್ತು ಹೆಜ್ಜೆ,
ಹುಚ್ಚೀರಪ್ಪನ ಕುಂಟುಗಾಲಿಗೆ ನೂರಾ ಎಂಬತ್ತು;
ಎಣಿಸಿದವನು ಅವನೇ.

ಮೊನ್ನೆ ಸೀಮೆಸುಣ್ಣದಲ್ಲಿ ಮೇಜುಗಳ ಗುರುತು ಹಾಕಿದೆವು.
ಕಾಕಾ ನೋಡಲು ಬಂದರು.
ಖಾಲಿ ನೆಲದ ನಟ್ಟನಡುವೆ
ಮೈ ವಾರೆ ಮಾಡಿ, ಧೋತರದ ಚುಂಗು ಎತ್ತಿ ಹಿಡಿದು,
ಏನನ್ನೋ ಬಳಸಿ ದಾಟಿದರು.
ಮಶಿನ್ನು ಅಲ್ಲಿತ್ತು.
ಆ ಚೌಕಕ್ಕೆ ಯಾರ ಹೆಸರು ಬರೆಯುವುದು ತಿಳಿಯದೆ
ಸುಣ್ಣ ಹಿಡಿದು ನಿಂತೆ.
ತಿರುಗಿ ನೋಡದೆಯೇ ಅಂದರು:
"ಅಲ್ಲೆ ಬುನಾದಿ ಗಟ್ಟಿ ಐತಿ. ಆ ಟೈಪ್‌ರೈಟರ್‌ನಾಂವಗ ಕೊಡ್ರಿ.
ಎಷ್ಟ ಕುಟ್ಟಿದ್ರೂ ಬಾಜೂದವರ ಚಹಾ ತುಳುಕೂದಿಲ್ಲ."

ಹುಚ್ಚೀರಪ್ಪ ಇನ್ನೂ ಹೂಂ ಅಂದಿಲ್ಲ.
ಮಳಿ ಬರಲಿ, ನೋಡೂಣು, ಅಂತಾನೆ.